ಒಂದು ಹಿಡಿ ಹೊಲಕ್ಕೆ, ಬುಟ್ಟಿ ತುಂಬ ಮಂದಿಗೆ

ನಸುಕಿನಲ್ಲಿ ತಡವಳದ ಓಣಿಯೊಳಗೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಕಿವಿಗೆ ಹಬ್ಬ ತಿಳಿಯುತ್ತದೆ. ಹಿಟ್ಟಿನ ಮೇಲೆ ಅಂಗೈ ಬೀಳುವ ಪಟಪಟ ಸದ್ದು, ನಡುನಡುವೆ ಬಳೆಗಳ ಕಿಣಿಕಿಣಿ, ಕಾದ ಹಂಚಿನ ಮೇಲೆ ಹಸಿ ರೊಟ್ಟಿ ಬಿದ್ದಾಗಿನ ಚುಂಯ್ ಅನ್ನುವ ಸೊಲ್ಲು. ಈ ಮನೆಯಲ್ಲಿ ನಿಂತಿತು ಅನ್ನುವಷ್ಟರಲ್ಲಿ ಎದುರು ಮನೆಯಲ್ಲಿ ಶುರುವಾಗುತ್ತದೆ. ಮಾರ್ಗಶಿರ ಮಾಸದ ಅಮಾವಾಸ್ಯೆ, ಆಕಾಶದಲ್ಲಿ ಚಂದ್ರನ ಸುಳಿವಿಲ್ಲ. ಚಳಿಗೆ ನಾಯಿಗಳು ಬೂದಿಗುಂಡಿಯಲ್ಲಿ ಮುದುಡಿವೆ. ತೊಗರಿ ಕಟ್ಟಿಗೆಯ ಹೊಗೆ ಮೇಲೇರಲು ಸೋಮಾರಿತನ ಮಾಡುತ್ತ ಮಾಳಿಗೆಗಳ ಮಟ್ಟದಲ್ಲೇ ಸುತ್ತುತ್ತದೆ. ಅದರ ಜತೆ ಹುರಿದ ಎಳ್ಳಿನ ವಾಸನೆ, ಬೆಳ್ಳುಳ್ಳಿ ಒಗ್ಗರಣೆಯ ಘಾಟು, ಹುಳಿ ಬಂದ ಮಜ್ಜಿಗೆಯ ಒಂದೆಳೆ. ಎಳ್ಳಮಾಸಿಯ ದಿನ ಈ ಊರಲ್ಲಿ ಬಾಗಿಲು ಹಾಕಿಕೊಂಡ ಅಡುಗೆಮನೆ ಸಿಗುವುದಿಲ್ಲ.

ಒಂದು ಮನೆಯೊಳಗೆ ಇಣುಕೋಣ. ಒಲೆಯ ಮುಂದೆ ಹಿರಿಸೊಸೆ. ಪರಾತಿಯಲ್ಲಿ ಸಜ್ಜೆ ಹಿಟ್ಟು, ಪಕ್ಕದ ಬಟ್ಟಲಲ್ಲಿ ಎಳ್ಳು. ತಟ್ಟಿದ ರೊಟ್ಟಿಯ ಮೈಗೆ ಎಳ್ಳು ಹಚ್ಚಿ ಹಂಚಿಗೆ ಹಾಕುತ್ತಾಳೆ; ಎಳ್ಳು ಸಿಡಿದು ಒಲೆಗೆ ಹಾರುತ್ತದೆ. ಕಿರಿಸೊಸೆ ಸಜ್ಜೆಯ ಕಡಬು ಕಟ್ಟುತ್ತಿದ್ದಾಳೆ. ಮೂಲೆಯಲ್ಲಿ ದೊಡ್ಡ ಪಾತೆಲಿಯೊಳಗೆ ಬಜ್ಜಿ ಕುದಿಯುತ್ತಿದೆ. ಇದು ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ. ಹಸಿ ಕಡಲೆ, ಹಸಿ ತೊಗರಿ, ಅವರೆ, ವಟಾಣಿ, ಮೆಂತ್ಯ, ಹಸಿ ಈರುಳ್ಳಿ, ಗಜ್ಜರಿ, ಹೀಗೆ ಹೊಲದಲ್ಲಿ ಆ ವಾರ ಏನೇನು ಕೈಗೆ ಸಿಕ್ಕಿತೋ ಅದೆಲ್ಲ ಸೇರಿ, ಕಡಲೆ ಹಿಟ್ಟು ಮಜ್ಜಿಗೆಯಲ್ಲಿ ಬೆಂದು ಗಟ್ಟಿಯಾಗುವ ಪಲ್ಯ. ಹಿಂದಿನ ಸಂಜೆಯೇ ಮಾಡಿಟ್ಟ ಅಂಬಲಿ ಮಣ್ಣಿನ ಗಡಿಗೆಯಲ್ಲಿ ತಣ್ಣಗೆ ಕೂತಿದೆ. ಜೋಳದ ಹಿಟ್ಟು, ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆ. ರಾತ್ರಿಯೆಲ್ಲ ಹುಳಿಯೇರಿದ ಅದರ ರುಚಿ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತಿದೆ.

ಗೋಡೆಗೊರಗಿ ಕೂತ ಆಯಿ ಎದ್ದು ಬಂದು, ಮೊದಲ ರೊಟ್ಟಿಯ ಹಿಟ್ಟಿನಿಂದ ಲಿಂಬೆಕಾಯಿಗಿಂತ ಸಣ್ಣದೊಂದು ಉಂಡೆ ಕಿತ್ತು ನೇರ ಉರಿಯೊಳಗೆ ಹಾಕುತ್ತಾಳೆ.

“ಅದ್ಯಾಕ ಆಯಿ?”

“ಮುಂಜಾನಿಂದ ಉರೀತದ, ಅದಕ್ಕೂ ಹೊಟ್ಟಿ ಅದ ಅಲ್ಲೋ ತಮ್ಮಾ. ನಮಗಿಂತ ಮೊದಲ ಅದಕ್ಕ.”

ಇದೇ ಕೆಲಸವನ್ನು ಜೆರೂಸಲೇಮಿನಲ್ಲೋ ನ್ಯೂಯಾರ್ಕಿನಲ್ಲೋ ಮುಂಬೈಯಲ್ಲೋ ಯೆಹೂದಿ ಮನೆಯ ಹೆಂಗಸೊಬ್ಬಳು ಶುಕ್ರವಾರ ಬ್ರೆಡ್ಡಿನ ಹಿಟ್ಟು ನಾದಿದಾಗ ಮಾಡುತ್ತಾಳೆ. ನಾದಿದ ಹಿಟ್ಟಿನಿಂದ ಒಂದು ಚೂರು ತೆಗೆದು, ಮಂತ್ರ ಹೇಳಿ, ಒಲೆಯಲ್ಲಿ ಸುಟ್ಟುಬಿಡುತ್ತಾಳೆ. ಒಂದು ಕಾಲಕ್ಕೆ ಆ ಪಾಲು ಜೆರೂಸಲೇಮಿನ ದೇವಾಲಯದ ಯಾಜಕನಿಗೆ ಹೋಗುತ್ತಿತ್ತು. ದೇವಾಲಯ ಹೋಗಿ ಎರಡು ಸಾವಿರ ವರ್ಷದ ಹತ್ತಿರವಾಯಿತು. ಹಿಟ್ಟಿನ ಚೂರು ಮಾತ್ರ ಉಳಿದಿದೆ. ಆ ಹೆಂಗಸಿನ ಜನರ ಕಥೆಗೆ ಆಮೇಲೆ ಬರೋಣ. ಹೊತ್ತು ಹುಟ್ಟುತ್ತಿದೆ, ಇಲ್ಲಿ ಬಂಡಿ ಹೂಡುತ್ತಿದ್ದಾರೆ.

ಬಂಡಿ ಅನ್ನುವುದು ಈಗ ಬಾಯಿಮಾತಿಗೆ. ಎತ್ತಿನ ಬಂಡಿಗಳು ಬೆರಳೆಣಿಕೆಯಷ್ಟು. ಉಳಿದದ್ದು ಟ್ರ್ಯಾಕ್ಟರು, ಟಂಟಂ, ಮುಂದೆ ಹುಡುಗನನ್ನೂ ಹಿಂದೆ ಬುಟ್ಟಿ ಹಿಡಿದ ಹೆಂಡತಿಯನ್ನೂ ಕೂರಿಸಿಕೊಂಡ ಮೋಟಾರುಸೈಕಲ್ಲು. ಆದರೆ ಅಂಬಲಿಯ ಗಡಿಗೆಯನ್ನು ಇನ್ನೂ ಕೆಲವರು ತಲೆಯ ಮೇಲೇ ಒಯ್ಯುತ್ತಾರೆ. ಸಿಂಬಿ ಇಟ್ಟು, ಅದರ ಮೇಲೆ ಗಡಿಗೆ, ಹೆಗಲ ಮೇಲೆ ಕರಿ ಕಂಬಳಿ. ಗಡಿಗೆ ಹೊತ್ತ ಮುತ್ಯಾ ಯಾರ ಜತೆಗೂ ಮಾತಾಡದೆ ಮುಂದೆ ನಡೆಯುತ್ತಾನೆ, ಹಿಂದೆ ಬುಟ್ಟಿಗಳ ಸಾಲು.

ಊರು ದಾಟಿದ ಕೂಡಲೇ ಎರೆಭೂಮಿ. ಇದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕು; ತೆಂಕಣಕ್ಕೆ ಭೀಮೆ, ಭೀಮೆಯ ಆಚೆ ವಿಜಯಪುರ ಜಿಲ್ಲೆ. ನಕ್ಷೆಯ ಗೆರೆ ಹೊಳೆಯಲ್ಲಿ ಹರಿದಿದೆ, ಮಾತು ಎರಡೂ ದಂಡೆಯಲ್ಲಿ ಒಂದೇ. 1967ರಲ್ಲಿ ರಾಜ್ಯಗಳ ಗಡಿ ತಂಟೆಯ ಮೇಲಿನ ಮಹಾಜನ ವರದಿ ಈ ತಾಲೂಕನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಿ ಎಂದು ಬರೆಯಿತು. ಕಾಗದ ಕಾಗದವಾಗೇ ಉಳಿಯಿತು. ಸಂತೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ, ಜಗಳ ಬಂದರೆ ಎರಡೂ. ಮರಾಠಿ ಮಾತಿನವರು ಇದೇ ಹಬ್ಬಕ್ಕೆ ‘ವೇಳ ಅಮಾವಾಸ್ಯಾ’ ಅನ್ನುತ್ತಾರೆ.

ಹಾದಿಯ ಎರಡೂ ಮಗ್ಗುಲಿಗೆ ಬಿಳಿಜೋಳ ಆಳೆತ್ತರ ನಿಂತಿದೆ. ಕೆಲವು ಹೊಲದಲ್ಲಿ ಇನ್ನೂ ಹೊಡೆಯೊಳಗೆ, ಕೆಲವು ಕಡೆ ತೆನೆ ಹೊರಬಿದ್ದು ಹಾಲು ಹಿಡಿದಿದೆ. ಮಳೆಗಾಲದ ಕೊನೆಗೆ ಬಿತ್ತಿದ ಬೀಜ ಇದು. ಬಿತ್ತಿದ ಮೇಲೆ ಮಳೆಯ ಹಂಗಿಲ್ಲದೆ ಎರೆನೆಲ ಹೀರಿಟ್ಟುಕೊಂಡ ತೇವದಲ್ಲಿ, ಚಳಿಯಲ್ಲಿ, ಇಬ್ಬನಿಯಲ್ಲಿ ಬೆಳೆಯುತ್ತದೆ. ಇಲ್ಲಿಂದ ದೂರವಿಲ್ಲದ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ 35-1 ತಳಿ ಇಂದಿಗೂ ಈ ಸೀಮೆಯ ರೈತನ ಬಾಯಲ್ಲಿದೆ, ಹೊಲದಲ್ಲಿದೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಗುರುತಿನ ಪತ್ರಕ್ಕಿಂತ ಮುಂಚೆ ಶತಮಾನಗಳಿಂದ ಇಲ್ಲಿಯ ಮಂದಿ ಅದಕ್ಕೆ ಕೈಮುಗಿಯುತ್ತಿದ್ದರು ಎಂಬುದನ್ನು ಯಾರೂ ಬರೆದಿಲ್ಲ.

ಜೋಳದ ಅಂಚಿಗೆ ಕುಸುಬೆಯ ಸಾಲು, ದನ ನುಗ್ಗದ ಹಾಗೆ ಮುಳ್ಳಿನ ಬೇಲಿ. ಅದರಾಚೆ ಮಂಡಿಯುದ್ದದ ಕಡಲೆ. ಕಡಲೆ ಹೊಲದಲ್ಲಿ ನಡೆದರೆ ಧೋತರದ ಅಂಚು ಒದ್ದೆಯಾಗುತ್ತದೆ, ಒದ್ದೆಯನ್ನು ನಾಲಿಗೆಗೆ ತಾಗಿಸಿದರೆ ಹುಳಿ. ಮಕ್ಕಳು ಬೇಕೆಂದೇ ಅದರಲ್ಲಿ ಹಾಯ್ದು ಬೆರಳು ಚೀಪುತ್ತವೆ. ನಡುನಡುವೆ ಕಬ್ಬು. ಜೋಡಿ ಟ್ರೇಲರಿನ ಕಬ್ಬಿನ ಗಾಡಿ ಧೂಳೆಬ್ಬಿಸುತ್ತ ಹಾದಾಗ ಬುಟ್ಟಿ ಹೊತ್ತವರೆಲ್ಲ ಸೆರಗಿನಿಂದ ಅಡುಗೆ ಮುಚ್ಚಿ ಬದಿಗೆ ಸರಿಯುತ್ತಾರೆ. ಮಳೆನೆರಳಿನ ಈ ನೆಲದಲ್ಲಿ ಕಬ್ಬು ಎಷ್ಟು ದಿನ ನಿಂತೀತೋ, ನನಗಂತೂ ಜೋಳದ ಮೇಲೇ ನಂಬಿಕೆ. ಹಬ್ಬದ ಅಡುಗೆಯನ್ನು ಜೋಳಕ್ಕೆ ಚೆಲ್ಲುವ ಸಂಭ್ರಮ ಕಬ್ಬಿನಲ್ಲಿ ಕಂಡಿಲ್ಲ.

ಹೊಲದ ನಡುವಿನ ಬನ್ನಿ ಗಿಡದ ಬುಡಕ್ಕೆ ಬಂದಾಯಿತು. ಜೋಳದ ಹಸಿ ದಂಟುಗಳ ತುದಿ ಕೂಡಿಸಿ ಕಟ್ಟಿದ ಸಣ್ಣದೊಂದು ಕೊಪ್ಪಿ. ಒಳಗೆ ಹೊಲದಲ್ಲೇ ಹೆಕ್ಕಿದ ಐದು ಕಲ್ಲು, ಸುಣ್ಣ ಬಳಿದು ಕುಂಕುಮ ಇಟ್ಟು ಸಾಲಾಗಿ ಕೂರಿಸಿದ್ದಾರೆ. ಪಾಂಡವರು. ಧರ್ಮರಾಜ ಯಾವುದು, ಭೀಮ ಯಾವುದು ಎಂದು ಕೇಳಿದರೆ ಹುಡುಗರು ದೊಡ್ಡ ಕಲ್ಲಿಗೆ ಬೆರಳು ಮಾಡಿ “ಇವ ಭೀಮ” ಎನ್ನುತ್ತಾರೆ, ಉಳಿದವರ ಬಗ್ಗೆ ಜಗಳವಿದೆ. ಎಳ್ಳೆಣ್ಣೆಯ ದೀಪ, ಊದಿನಕಡ್ಡಿ, ಒಡೆದ ತೆಂಗಿನಕಾಯಿ. ಬಾಳೆ ಎಲೆಯ ಮೇಲೆ ಮನೆಯಲ್ಲಿ ಮಾಡಿದ ಎಲ್ಲದರ ಎಡೆ: ರೊಟ್ಟಿ, ಕಡಬು, ಬಜ್ಜಿ, ಅನ್ನ, ಶೇಂಗಾ ಹೋಳಿಗೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಭೂಮಿತಾಯಿ ಬಸುರಿ, ಇದು ಅವಳ ಬಯಕೆಯ ಊಟ.

ಈಗ ಆ ಕೈಯನ್ನು ನೋಡಿ. ಮುತ್ಯಾ ಒಂದು ಬುಟ್ಟಿಯಲ್ಲಿ ಎಲ್ಲ ಅಡುಗೆಯನ್ನೂ ತುಸು ತುಸು ಹಾಕಿ ಕಲಸಿದ್ದಾನೆ. ರೊಟ್ಟಿಯ ಚೂರು, ಬಜ್ಜಿ ಹತ್ತಿದ ಅನ್ನ, ಮುರಿದ ಕಡಬು. ಇದೇ ಚರಗ. ಎಡಗೈಯಲ್ಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿ, ಬಲಗೈಯ ಬೆರಳುಗಳನ್ನು ಮಡಚಿ ಒಂದು ಹಿಡಿ ತೆಗೆಯುತ್ತಾನೆ. ಹಿಡಿಯೆಂದರೆ ಹಿಡಿಯೇ. ಬೆರಳ ಸಂದಿನಿಂದ ಉದುರಲಿದ್ದ ಅಗುಳನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿಕೊಳ್ಳುತ್ತಾನೆ, ಅತಿಯಾದದ್ದನ್ನು ಬುಟ್ಟಿಯ ಅಂಚಿಗೆ ಒರೆಸಿ ಬಿಡುತ್ತಾನೆ. ಆಮೇಲೆ ಮೊಣಕೈ ಹಿಂದಕ್ಕೆ ಹೋಗಿ, ಕೈ ಬಿಚ್ಚುತ್ತದೆ. ಅನ್ನ ಜೋಳದ ಗರಿಗಳ ಮೇಲೆ ಚಿಲ್ಲನೆ ಚೆದುರುತ್ತದೆ. ಅದರೊಂದಿಗೆ ಗಂಟಲು ಬಿಚ್ಚಿ “ಹುಲ್ಲುಲಿಗ್ಯೋ” ಎಂದು ಕೂಗುತ್ತಾನೆ. ಹಿಂದೆ ತಂಬಿಗೆಯಲ್ಲಿ ನೀರು ಹಿಡಿದು ಚಿಮುಕಿಸುತ್ತ ಬರುವ ಮಗ ಅದಕ್ಕೆ ಜೋಡಿ ಕೂಗು ಕೊಡುತ್ತಾನೆ. ಅದರ ಅರ್ಥ ಯಾರೂ ಕೇಳುವುದಿಲ್ಲ. ಆಚೆ ಹೊಲದಿಂದ ಇನ್ನೊಂದು ಕೂಗು, ಅದಕ್ಕೂ ಉತ್ತರ. ಹೊತ್ತು ಏರುವ ಹೊತ್ತಿಗೆ ಇಡೀ ಎರೆ ಸೀಮೆ ಕೂಗಿ ಓಗೊಡುತ್ತದೆ.

ಕೂಗಿಗೆ ಓಗೊಡುವ ಈ ಬೆಳೆಪೂಜೆಯನ್ನು ಕಂಡಾಗೆಲ್ಲ ನನಗೆ ಬಹು ದೂರದ ಇನ್ನೊಂದು ಹೊಲ ನೆನಪಾಗುತ್ತದೆ. ಅದು ಜವೆಗೋಧಿಯ ಹೊಲ, ಜೆರೂಸಲೇಮಿನ ಆಸುಪಾಸಿನದು, ಕಾಲ ಎರಡು ಸಾವಿರ ವರ್ಷದ ಹಿಂದಿನದು. ಯೆಹೂದಿಗಳ ಪಸ್ಕ ಹಬ್ಬದ ಮೊದಲ ದಿನ ಮುಗಿದು ಕತ್ತಲಾಗುತ್ತಿದ್ದಂತೆ ಸುತ್ತಲ ಊರವರೆಲ್ಲ ನೆರೆಯುತ್ತಿದ್ದರು. ಹಿಂದಿನ ದಿನವೇ ನಿಂತ ಪೈರನ್ನು ಕಟ್ಟುಕಟ್ಟಾಗಿ ಕಟ್ಟಿಟ್ಟಿರುತ್ತಿದ್ದರು, ಕೊಯ್ಯಲು ಸಲೀಸಾಗಲೆಂದು. ಕುಡುಗೋಲು ಹಿಡಿದವ ಕೂಗಿ ಕೇಳುತ್ತಾನೆ: ಹೊತ್ತು ಮುಳುಗಿತೇ? ಮಂದಿ: ಹೌದು. ಇದೇ ಕುಡುಗೋಲೇ? ಹೌದು. ಇದೇ ಬುಟ್ಟಿಯೇ? ಹೌದು. ಕೊಯ್ಯಲೇ? ಕೊಯ್ಯಿ! ಪ್ರತಿಯೊಂದನ್ನೂ ಮೂರು ಮೂರು ಸಲ ಕೇಳಿ, ಮೂರು ಮೂರು ಸಲ ಹೌದೆನ್ನಿಸಿಕೊಂಡು ಕೊಯ್ಯುತ್ತಿದ್ದ. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಮಿಶ್ನಾ ಎಂಬ ಗ್ರಂಥ ಈ ದೃಶ್ಯವನ್ನು ಹೊಲದ ಬದುವಿನ ಮೇಲೆ ನಿಂತು ನೋಡಿದವರ ಸಲಿಗೆಯಿಂದ ವರ್ಣಿಸುತ್ತದೆ.

ಆ ಜವೆಯನ್ನು ದೇವಾಲಯದ ಅಂಗಳಕ್ಕೆ ತಂದು, ಉರಿಯಲ್ಲಿ ಹುರಿದು, ಗಾಳಿಗೆ ಹರಡಿ, ಬೀಸಿ, ಹದಿಮೂರು ಜರಡಿಯಲ್ಲಿ ಸೋಸಿದರೆ ಕೈಗೆ ಬರುತ್ತಿದ್ದುದು ಎರಡು ಲೀಟರಿಗಿಂತ ತುಸು ಹೆಚ್ಚು ಹಿಟ್ಟು. ಅದಕ್ಕೆ ಎಣ್ಣೆ ಬೆರೆಸಿ ಮೇಲೆ ಲೋಬಾನ ಇಟ್ಟು, ದೇವರ ಮುಂದೆ ಆಚೆ ಈಚೆ, ಮೇಲೆ ಕೆಳಗೆ ಆಡಿಸುತ್ತಿದ್ದರು. ಆ ಅರ್ಪಣೆ ಆಗುವವರೆಗೆ ಹೊಸ ಬೆಳೆಯ ಒಂದು ಕಾಳನ್ನೂ ಯಾರೂ ಬಾಯಿಗೆ ಹಾಕುವಂತಿರಲಿಲ್ಲ. ಆದ ಕೂಡಲೇ ಜೆರೂಸಲೇಮಿನ ಪೇಟೆಯಲ್ಲಿ ಎಲ್ಲಿ ನೋಡಿದರೂ ಹೊಸ ಹಿಟ್ಟು, ಹುರಿದ ಕಾಳು. ನಮ್ಮ ಸೀತನಿ (ಸುಟ್ಟ ಹಸಿ ಜೋಳ) ಕಾಲದ ಸಂತೆ ಕಂಡವರಿಗೆ ಆ ಪೇಟೆಯ ವಾಸನೆ ಊಹಿಸುವುದು ಕಷ್ಟವಲ್ಲ.

ಯೆಹೂದಿಗಳ ಬಲಿಯೆಂದರೆ ರಕ್ತ, ಕೊಬ್ಬು, ಹೊಗೆ ಎಂದಷ್ಟೇ ಕೇಳಿದವರು ಹೆಚ್ಚು. ಅದೂ ಇತ್ತು, ಸುಳ್ಳಲ್ಲ. ಕನ್ನಡ ಬೈಬಲ್ಲಿನ ಯಾಜಕಕಾಂಡ ತೆರೆದರೆ ಸರ್ವಾಂಗಹೋಮ, ಸಮಾಧಾನಯಜ್ಞ, ದೋಷಪರಿಹಾರದ ಯಜ್ಞ ಎಂದು ಸಾಲಾಗಿ ಬರುತ್ತವೆ. ಹೋರಿ, ಟಗರು, ಆಡು, ಪಾರಿವಾಳ. ಆದರೆ ಆ ಸಾಲಿನಲ್ಲೇ ಧಾನ್ಯನೈವೇದ್ಯವೂ ಇದೆ. ಪಾರಿವಾಳ ಕೊಳ್ಳಲೂ ಗತಿಯಿಲ್ಲದವನು ತರುತ್ತಿದ್ದ ಹಿಟ್ಟು. ಬಡವ ಹಿಟ್ಟು ತಂದರೆ ಅವನು ತನ್ನ ಪ್ರಾಣವನ್ನೇ ತಂದಿಟ್ಟ ಹಾಗೆ ದೇವರು ಎಣಿಸುತ್ತಾನೆ ಎಂದು ತಾಲ್ಮುದ್ ಗ್ರಂಥದ ಗುರುಗಳು ಹೇಳಿದರು.

ಆ ಹಿಟ್ಟಿಗೂ ಒಂದು ಕೈ ಇತ್ತು. ಯಾಜಕ ನಡುವಿನ ಮೂರು ಬೆರಳುಗಳನ್ನು ಅಂಗೈ ಮೇಲೆ ಮಡಚಿ ಒಂದು ಹಿಡಿ ತೆಗೆಯಬೇಕು. ಮೇಲೆ ಉಬ್ಬಿದ್ದನ್ನು ಹೆಬ್ಬೆರಳಿನಿಂದ, ಕೆಳಗೆ ಜೋತದ್ದನ್ನು ಕಿರುಬೆರಳಿನಿಂದ ಸವರಿ ಸಮ ಮಾಡಬೇಕು. ಹಿಡಿಯೊಳಗೆ ಹಿಟ್ಟಿನ ಬದಲು ಒಂದು ಹರಳು, ಒಂದು ಉಪ್ಪಿನ ಕಣ ಬಂದರೂ ಆ ಅರ್ಪಣೆ ಕೆಟ್ಟಿತು. ದೇವಾಲಯದಲ್ಲಿ ಮಾಡುತ್ತಿದ್ದ ಅತಿ ಕಷ್ಟದ ಸೇವೆಗಳಲ್ಲಿ ಇದೂ ಒಂದು ಎಂದು ಎಣಿಸಿದ್ದರು. ಹೋರಿ ಕಡಿಯುವುದಕ್ಕಿಂತ ಹಿಡಿ ಹಿಟ್ಟು ತೆಗೆಯುವುದು ಕಷ್ಟ! ಆ ಒಂದು ಹಿಡಿ ಲೋಬಾನದೊಂದಿಗೆ ಬೆಂಕಿಗೆ ಹೋಗುತ್ತಿತ್ತು, ಉಳಿದದ್ದನ್ನು ಯಾಜಕರು ಉಣ್ಣುತ್ತಿದ್ದರು.

ತಡವಳದ ಮುತ್ಯಾನ ಮಡಚಿದ ಬೆರಳುಗಳಲ್ಲಿ ನನಗೆ ಕಾಣುವುದೂ ಈ ಲೆಕ್ಕವೇ. ಹೊಲಕ್ಕೆ ಹೋದದ್ದು ಒಂದು ಹಿಡಿ, ಹೆಚ್ಚೆಂದರೆ ಒಂದು ಬುಟ್ಟಿ. ಬೆಳಗಿನಿಂದ ಬೆಂದ ಅಡುಗೆಯ ರಾಶಿ ಹಾಗೇ ಇದೆ, ಈಗ ಅದನ್ನು ಉಣ್ಣಬೇಕು. ಒಬ್ಬರೇ ಕೂತು ಉಣ್ಣುವ ಹಾಗಿಲ್ಲ, ಅದೇ ಈ ಹಬ್ಬದ ಕಟ್ಟಳೆ.

ಚರಗ ಮುಗಿದ ಮೇಲೆ ಹಾದಿಗೆ ಮುಖಮಾಡಿ ನಿಂತು ಕರೆಯುವುದು ಶುರು. “ಬರ್ರೀ ಕಾಕಾ, ಎರಡು ತುತ್ತು ಉಣ್ಣ ಬರ್ರಿ.” “ಊಟ ಆಗ್ಯಾದೋ ಈಗರೆ.” “ಆಗಿದ್ರ ಇನ್ನೊಮ್ಮಿ ಆಗ್ಲಿ, ಬರ್ರಿ.” ಆಚೆ ಹೊಲದ ಕಾಕಾ ಬರುತ್ತಾನೆ, ಈ ಮನೆಯವರು ಅವನ ಹೊಲಕ್ಕೆ ಹೋಗಬೇಕು. ಕಬ್ಬು ಕಡಿಯಲು ಬೀಡ ಕಡೆಯಿಂದ ಬಂದು ಕೊಪ್ಪಿ ಹಾಕಿಕೊಂಡಿರುವ ಕೂಲಿಯವರ ಮಕ್ಕಳು ದೂರ ನಿಂತು ನೋಡುತ್ತಿದ್ದರೆ ಹಿರಿಸೊಸೆ ಮರಾಠಿಯಲ್ಲಿ ಗದರಿ ಕರೆದು ಕೂರಿಸುತ್ತಾಳೆ. ರೊಟ್ಟಿಯ ಮೇಲೇ ಬಜ್ಜಿ, ಅದರ ಮೇಲೆ ಶೇಂಗಾ ಎಣ್ಣೆಯ ಧಾರೆ. ಅಂಬಲಿಗೆ ಲೋಟ ಸಾಲದೆ ತಂಬಿಗೆಯೇ ಕೈಯಿಂದ ಕೈಗೆ ಹೋಗುತ್ತದೆ. ಹೊಟ್ಟೆಯಲ್ಲಿ ಜಾಗವಿಲ್ಲ ಅಂದವರ ತಾಟಿಗೇ ಇನ್ನೊಂದು ಕಡಬು ಬೀಳುತ್ತದೆ.

ಹಳೆಯ ಯೆಹೂದಿಗಳಲ್ಲಿ ಕಾಯಿಲೆಯಿಂದ ಎದ್ದವನು, ಸೆರೆಯಿಂದ ಬಿಟ್ಟು ಬಂದವನು, ಸಮುದ್ರ ದಾಟಿ ಬದುಕಿ ಬಂದವನು ಕೃತಜ್ಞತೆಯ ಬಲಿ ಕೊಡುತ್ತಿದ್ದ. ಒಂದು ಪ್ರಾಣಿ, ಅದರ ಜತೆ 40 ರೊಟ್ಟಿ. ನಾಲ್ಕು ರೊಟ್ಟಿ ಯಾಜಕನಿಗೆ, 36 ಕೊಟ್ಟವನಿಗೇ ವಾಪಸು. ಕಟ್ಟಳೆ ಏನೆಂದರೆ, ಮಾಂಸವೂ ರೊಟ್ಟಿಯೂ ಬೆಳಗಾಗುವುದರೊಳಗೆ ಮುಗಿಯಬೇಕು, ಉಳಿದರೆ ಸುಡಬೇಕು. ಒಂದು ಕುಟುಂಬ ಒಂದು ರಾತ್ರಿಯಲ್ಲಿ ಇಷ್ಟನ್ನು ತಿನ್ನಲು ಸಾಧ್ಯವೇ? ಸಾಧ್ಯವಿಲ್ಲವೆಂದೇ ಕಟ್ಟಳೆ ಹಾಗಿತ್ತು ಎನ್ನುತ್ತಾರೆ ವ್ಯಾಖ್ಯಾನಕಾರರು. ಬೀದಿಯಲ್ಲಿ ಹೋಗುವವರನ್ನು ಕರೆಯಲೇಬೇಕು, ಕೂರಿಸಿ ಉಣಿಸುತ್ತ ತಾನು ಬದುಕಿ ಬಂದ ಕಥೆ ಹೇಳಲೇಬೇಕು.

ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಸುಟ್ಟು ಕೆಡವಿದರು. ಬಲಿಪೀಠ ಹೋಯಿತು, ಬಲಿಯೂ ನಿಂತಿತು. ಮುಂದೇನು ಗತಿ ಎಂದು ಅತ್ತ ಜನಕ್ಕೆ ಗುರುಗಳು ಎರಡು ದಾರಿ ತೋರಿಸಿದರು. ಬಲಿಯ ಹೊತ್ತುಗಳಿಗೆ ಪ್ರಾರ್ಥನೆ. ಬಲಿಪೀಠದ ಬದಲಿಗೆ ಮನೆಯ ಊಟದ ಮೇಜು, ಅಲ್ಲಿ ಹಸಿದವನಿಗೊಂದು ಪಾಲು. ವಾರದ ಬಿಡುವಿನ ದಿನವಾದ ಶಬ್ಬತಿನ ರೊಟ್ಟಿಯನ್ನು ಉಪ್ಪಿಗೆ ಅದ್ದಿ ಮುರಿಯುವುದು ಇಂದಿಗೂ ನಡೆದಿದೆ, ಏಕೆಂದರೆ ಪೀಠದ ಮೇಲೆ ಉಪ್ಪಿಲ್ಲದೆ ಏನೂ ಏರುತ್ತಿರಲಿಲ್ಲ.

ಈ ಉಪ್ಪಿನಿಂದಲೇ ಯೆಹೂದಿ ಅನುಭಾವಿಗಳು ಒಂದು ಲೋಕ ಕಟ್ಟಿದರು. ಉಪ್ಪು ಕಲ್ಲಿನ ಕುಲದ್ದು, ಹಿಟ್ಟು ಎಣ್ಣೆ ದ್ರಾಕ್ಷಾರಸ ಗಿಡದ ಕುಲದ್ದು, ಕುರಿ ಪ್ರಾಣಿಯ ಕುಲದ್ದು, ಅರ್ಪಿಸುವ ಮನಸ್ಸು ಮನುಷ್ಯನದು. ಇರುವಿಕೆಯ ಈ ನಾಲ್ಕೂ ಮೆಟ್ಟಿಲು ಒಂದೇ ಹೊಗೆಯಲ್ಲಿ ಕೂಡಿ, ತಾವು ಬಂದ ಕಡೆಗೇ ಏರುತ್ತವೆ. 13ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ಬೆಳಕಿಗೆ ಬಂದ ಝೋಹರ್ ಗ್ರಂಥದ ಪ್ರಕಾರ ಕೆಳಗಿನದು ಮೊದಲು ಅಲುಗಬೇಕು, ಆಗ ಮೇಲಿನದು ಇಳಿದು ಬರುತ್ತದೆ. ನೆಲದಿಂದ ಆವಿ ಏಳದೆ ಮಳೆ ಇಲ್ಲ. ಗಲಿಲೇಯದ ಸಫೇದಿನಲ್ಲಿ ಬಾಳಿದ ಇಸಾಕ್ ಲೂರಿಯಾ (1534–1572) ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸೃಷ್ಟಿಯ ಕಾಲಕ್ಕೆ ದೈವದ ಬೆಳಕು ಕಿಡಿಕಿಡಿಯಾಗಿ ಚೆದುರಿ ಎಲ್ಲದರೊಳಗೂ ಹುದುಗಿದೆ, ತಿನ್ನುವ ಅನ್ನದ ಒಳಗೂ. ಅರಿತು ಉಂಡರೆ ಆ ಕಿಡಿ ಬಿಡುಗಡೆಯಾಗುತ್ತದೆ. ಹಾಗಾದರೆ ಉಣ್ಣುವುದೇ ಒಂದು ಅರ್ಪಣೆ. ಬನ್ನಿ ಗಿಡದ ನೆರಳಲ್ಲಿ ಕಾಲು ಚಾಚಿ ಕೂತು, ಮೂರನೇ ಕಡಬನ್ನು ಬೇಡವೆನ್ನಲಾರದೆ ತಿನ್ನುವವರಿಗೆ ಲೂರಿಯಾನ ಮಾತು ಒಪ್ಪಿಗೆಯಾಗುತ್ತದೆ ಎಂದು ನನ್ನ ಎಣಿಕೆ.

ಎಲ್ಲ ಯೆಹೂದಿಗಳೂ ಹೀಗೆ ಒಳಗಿನ ಅರ್ಥ ಹುಡುಕಲಿಲ್ಲ. ಕೈರೋದ ಮಗ್ಗುಲಿನ ಫುಸ್ತಾತಿನಲ್ಲಿ ವೈದ್ಯನಾಗಿದ್ದ ಮೈಮೋನಿಡೀಸ್ (1138–1204), ಬಲಿ ಆ ಕಾಲದ ಜನ ಬಿಡಲಾರದ ರೂಢಿ, ದೇವರು ಅದನ್ನು ಒಂದೇ ಏಟಿಗೆ ಕಿತ್ತುಹಾಕದೆ ತನ್ನ ಕಡೆಗೆ ತಿರುಗಿಸಿಕೊಂಡ ಎಂದು ಬರೆದ. ಅವನು ಬಾಳಿದ ಕಾಲವೇ ನಮ್ಮ ಕಲ್ಯಾಣದ ಶರಣರ ಕಾಲ. ಬಲಿಗೆ ತಂದ ಕುರಿಯ ಕಡೆಗೆ ನಿಂತು ಮಾತಾಡಿದ ಬಸವಣ್ಣನವರು ಮೊದಲು ಲೆಕ್ಕ ಬರೆದದ್ದು ಇದೇ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ. ಮೈಮೋನಿಡೀಸನಿಗೆ ಮುಂದಿನ ತಲೆಮಾರಿನ ನಖ್ಮಾನಿಡೀಸ್ (1194–1270) ಎದುರಾಡಿದ: ಬಲಿ ಬರೀ ರೂಢಿಯಲ್ಲ, ಪ್ರಾಣಿಯ ತಲೆಯ ಮೇಲೆ ಕೈಯಿಟ್ಟವನು ‘ಇಲ್ಲಿ ನಾನಿರಬೇಕಿತ್ತು, ನನ್ನ ಬದಲಿಗೆ ಇದು’ ಎಂದು ನಡುಗಬೇಕು, ಅದಕ್ಕಾಗಿ ಅದು. ಹರಕೆ ಹೊತ್ತು ಬ್ಯಾಟಿ ಕಡಿಯುವ ಜಾತ್ರೆಗಳು ನಮ್ಮ ಸೀಮೆಗೂ ಹೊಸದಲ್ಲ. ಕರ್ನಾಟಕದಲ್ಲಿ 1959ರಿಂದಲೇ ಪ್ರಾಣಿಬಲಿ ತಡೆ ಕಾಯ್ದೆ ಇದ್ದರೂ ಕದ್ದುಮುಚ್ಚಿ ನಡೆಯುತ್ತದೆ. ಆದರೆ ಅಲ್ಲಿ ನಡುಗುವವರನ್ನು ಕಂಡದ್ದು ಕಡಿಮೆ. ಮಸಾಲೆಯ ಮಾತೇ ಹೆಚ್ಚು.

ಬದಲಿಗೆ ಬದಲಿ ಕೊಡುವ ಆಚರಣೆ ನೋಡಬೇಕೆಂದರೆ, ಎಳ್ಳಮಾಸಿ ಕಳೆದು ಸಂಕ್ರಾಂತಿಯ ಹೊತ್ತಿಗೆ ಅಕ್ಕಲಕೋಟೆಯಿಂದ ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋಗಬೇಕು. 12ನೇ ಶತಮಾನದ ಶಿವಯೋಗಿ ಸಿದ್ಧರಾಮನ ಗಡ್ಡಾ ಜಾತ್ರೆ. ಮುಗಿಲಿಗೆ ತಾಗುವ ಹಾಗೆ ಏಳು ನಂದಿಧ್ವಜಗಳು, ಬಿಳಿ ಬಾರಾಬಂದಿ ತೊಟ್ಟವರ ಹೊಳೆ. ಕುಂಬಾರನ ಮಗಳೊಬ್ಬಳು ಸಿದ್ಧರಾಮನನ್ನೇ ಮದುವೆಯಾಗಬೇಕೆಂದು ಹಟ ಹಿಡಿದಳಂತೆ. ಯೋಗಿ ತನ್ನ ಯೋಗದಂಡವನ್ನು ವರಿಸಲು ಹೇಳಿದನಂತೆ. ಸಮ್ಮತಿ ಕಟ್ಟೆಯ ಮುಂದೆ ಪ್ರತಿವರ್ಷ ಆ ಮದುವೆ ಆಗುತ್ತದೆ. ಸಮ್ಮತಿಯ ವಚನ ಓದಿದೊಡನೆ ಲಕ್ಷಗಟ್ಟಲೆ ಕೈಗಳು ಒಮ್ಮೆಲೇ ಅಕ್ಷತೆ ಎರಚುತ್ತವೆ. ಮರುದಿನ ರಾತ್ರಿ ಹೋಮ. ಸಜ್ಜೆಯ ದಂಟಿನ ಸೂಡಿಗೆ ಸೀರೆ ಉಡಿಸಿ, ತಾಳಿ ಬಳೆ ತೊಡಿಸಿ, ಕುಂಬಾರ ಕನ್ಯೆ ಎಂದು ಬೆಂಕಿಗೆ ಕೊಡುತ್ತಾರೆ. ಮದುವೆಯ ಮೇಲೆ ಆ ಹೆಣ್ಣು ಉರಿಗೆ ನಡೆದಳೆಂಬ ಕಥೆ ನನಗೆ ಎಂದೂ ಹಿತವೆನಿಸಿಲ್ಲ. ಆದರೆ ಉರಿಯುವುದು ಈಗ ಸಜ್ಜೆಯ ದಂಟು. ಆಮೇಲೆ ಇಡೀ ದಿನ ಉಪವಾಸವಿಟ್ಟ ಕರುವೊಂದರ ಮುಂದೆ ಧಾನ್ಯ, ಬೆಲ್ಲ, ಹಣ್ಣು, ಎಲೆ ಎಲ್ಲವನ್ನೂ ಹರಡುತ್ತಾರೆ. ಕರು ಯಾವುದಕ್ಕೆ ಬಾಯಿ ಹಾಕುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದರ ಮೇಲೆ ವರ್ಷದ ಮಳೆ ಬೆಳೆ ಹೇಳುವ ಭಾಕಣಿಕೆ. ಹಸಿದ ಪ್ರಾಣಿಯನ್ನು ದೇವರಿಗೆ ಕೊಡುವ ಬದಲು ಅದಕ್ಕೇ ಉಣಬಡಿಸಿ ಕೇಳುವ ಈ ಜಾಣತನ ನನಗೆ ಇಷ್ಟ.

ಸಿದ್ಧರಾಮನ ಕಥೆಯೇ ಒಂದು ಅರ್ಪಣೆಯಿಂದ ಹುಟ್ಟಿದ್ದು. ರಾಘವಾಂಕ ಬರೆದ ಹಾಗೆ, ಹುಡುಗ ಹೊಲ ಕಾಯುತ್ತಿದ್ದಾಗ ಜಂಗಮನ ವೇಷದಲ್ಲಿ ಶ್ರೀಶೈಲದ ಮಲ್ಲಯ್ಯ ಬಂದ, ಹಸಿ ತೆನೆಯ ಬೆಳಸೆ ಬೇಡಿದ, ಉಂಡು ಒಡಲುರಿಯೆಂದು ಮಜ್ಜಿಗೆಯನ್ನ ಕೇಳಿದ. ಹುಡುಗ ಮನೆಗೆ ಓಡಿ ತಾಯಿ ಸುಗ್ಗವ್ವೆಯಿಂದ ಅನ್ನ ಇಸಿದುಕೊಂಡು ಬರುವಷ್ಟರಲ್ಲಿ ಅತಿಥಿ ಇಲ್ಲ. ಅನ್ನ ಕೈಯಲ್ಲಿ ಹಿಡಿದೇ ಹುಡುಗ ಮಲ್ಲಯ್ಯಾ ಎಂದು ಕೂಗುತ್ತ ಹೊರಟ. ಉಣ್ಣುವವ ಸಿಗದ ಅನ್ನವೇ ಅವನನ್ನು ಶ್ರೀಶೈಲದವರೆಗೆ ಎಳೆದೊಯ್ದಿತು.

ನಮ್ಮ ರಾಜ್ಯದ ಗಡಿಯಾಚೆಯ ಈ ಮಹಾರಾಷ್ಟ್ರದಲ್ಲೇ ಯೆಹೂದಿಗಳ ಹಳೆಯ ಅರ್ಪಣೆ ಇನ್ನೊಂದು ರೂಪದಲ್ಲಿ ಬದುಕಿದೆ. ಕೊಂಕಣದ ಬೆನೆ ಇಸ್ರೇಲರು ತಲೆಮಾರುಗಳ ಕಾಲ ಗಾಣ ಹಾಕಿ ಎಣ್ಣೆ ತೆಗೆದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರ ಬಾಯಲ್ಲಿ ಅವರು ‘ಶನಿವಾರ ತೇಲಿ’. ಮದುವೆಗೆ, ಹರಕೆ ತೀರಿದ್ದಕ್ಕೆ, ಹೊಸ ಮನೆಗೆ ಅವರು ಮಲೀದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ. ತಾಟಿನ ಸುತ್ತ ಹಣ್ಣುಗಳು. ಪ್ರವಾದಿ ಎಲಿಯನ ಹೆಸರಲ್ಲಿ ಹೀಬ್ರೂ ಹಾಡು. ಮರದ ಹಣ್ಣಿಗೆ ಒಂದು ಸ್ತುತಿ, ನೆಲದ ಬೆಳೆಗೆ ಇನ್ನೊಂದು, ಆಮೇಲೆ ಎಲ್ಲರ ಕೈಗೂ ಒಂದು ಹಿಡಿ. ಅಲಿಬಾಗದ ಹತ್ತಿರದ ಖಂಡಾಳೆಯಲ್ಲಿ ಎಲಿಯನ ರಥ ಇಳಿದ ಗುರುತೆಂದು ಒಂದು ಬಂಡೆಯನ್ನು ತೋರಿಸುತ್ತಾರೆ. ಹರಕೆ ಹೊತ್ತವರು ಮಲೀದಾ ಒಯ್ಯುವುದು ಅಲ್ಲಿಗೆ. ಹಳೆಯ ಧಾನ್ಯನೈವೇದ್ಯದ ನೆನಪು ಇದರಲ್ಲಿದೆ ಎನ್ನುವ ವಿದ್ವಾಂಸರಿದ್ದಾರೆ. ದರ್ಗಾಗಳ ಮಲೀದಾದಿಂದ ಬಂತು ಎನ್ನುವವರೂ ಇದ್ದಾರೆ. ನೆರೆಮನೆಯ ಸಿಹಿ, ತಮ್ಮ ಹಿರಿಯರ ಪ್ರಾರ್ಥನೆ, ಎರಡೂ ಒಂದೇ ತಾಟಿನಲ್ಲಿ ಕೂಡಿವೆ ಎಂದರೆ ಇಬ್ಬರಿಗೂ ಮೋಸವಾಗದು. 1948ರ ನಂತರ ಅವರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಅವಲಕ್ಕಿಯೂ ಜತೆಗೆ ಹೋಯಿತು. ಅಲ್ಲಿಯೂ ಮಲೀದಾ ನಡೆಯುತ್ತದೆ.

ತಡವಳದ ಹೊಲದಲ್ಲಿ ಬಿಸಿಲು ಇಳಿದಿದೆ. ಗಂಡಸರು ಕಂಬಳಿ ಹಾಸಿ ಒರಗಿದ್ದಾರೆ. ಚರಗ ಬಿದ್ದ ಕಡೆ ಗುಬ್ಬಿ, ಸಾಬಕ್ಕಿಗಳ ಗದ್ದಲ. ಗರಿಗಳ ಬುಡದಲ್ಲಿ ಇರುವೆಗಳು ಅನ್ನದ ಅಗುಳು ಎಳೆಯುತ್ತಿವೆ. ಹಕ್ಕಿ ಮೇಯಲು ಬಂದು ಬೆಳೆಯ ಹುಳವನ್ನೂ ಹೆಕ್ಕುತ್ತದೆ, ಅದಕ್ಕೇ ಹಿರಿಯರು ಇದನ್ನು ಮಾಡಿದರು ಎಂದು ಕೃಷಿ ಓದಿದ ಹುಡುಗನೊಬ್ಬ ವಿವರಿಸುತ್ತಾನೆ. ಮುತ್ಯಾ ಅರ್ಧ ಕಣ್ಣು ತೆರೆದು, “ಹಕ್ಕಿಗೆ ಹಸಿವು ಆಗ್ತದ, ತಿಂತದ. ಅದಕ್ಕ ಮತ್ತ ಏನ್ ಕಾರಣ ಬೇಕೋ?” ಎಂದು ಮಗ್ಗುಲು ತಿರುಗುತ್ತಾನೆ. ಇಬ್ಬರಲ್ಲಿ ನಾನು ಮುತ್ಯಾನ ಕಡೆ.

ಮಾರ್ಗಶಿರದ ಅಮಾವಾಸ್ಯೆ ಒಮ್ಮೊಮ್ಮೆ ಡಿಸೆಂಬರಿಗೆ, ಒಮ್ಮೊಮ್ಮೆ ಜನವರಿಗೆ ಬೀಳುತ್ತದೆ. ಪಂಚಾಂಗ ನೋಡಿಕೊಂಡು ಬನ್ನಿ. ಅಕ್ಕಲಕೋಟೆಯಿಂದ ಭೀಮೆಯ ಕಡೆಗೆ ಯಾವ ಹಾದಿ ಹಿಡಿದರೂ ಆ ದಿನ ಹೊಲದಿಂದ ಯಾರಾದರೂ ನಿಮ್ಮನ್ನು ಕೂಗಿ ಕರೆಯುತ್ತಾರೆ, ಗುರುತು ಪರಿಚಯ ಕೇಳುವುದಿಲ್ಲ. ಊಟ ಆಗಿದೆ ಎಂದು ಮಾತ್ರ ಹೇಳಬೇಡಿ, ಯಾರೂ ನಂಬುವುದಿಲ್ಲ. ಹಸಿದೇ ಬನ್ನಿ.